ಎರಡು ಪುಟ ಯಾರಿಗೆ?

ಪತ್ರಿಕೆ ಕೈಗೆ ಬಂದಾಗ ನಾವು ಮೊದಲು ನೋಡುವುದು ಬರೆದವರ ಹೆಸರು, ಇಲ್ಲವೇ ಫೋಟೋದಲ್ಲಿರುವವರ ಮುಖ. ಆ ಪುಟವನ್ನು ಕಟ್ಟಿದವರ ನೆನಪು ಬರುವುದು ಕಡಿಮೆ. ಶೀರ್ಷಿಕೆ ಎಷ್ಟು ದೊಡ್ಡದಿರಬೇಕು, ಫೋಟೋ ಎಡಕ್ಕೋ ಬಲಕ್ಕೋ, ಎಷ್ಟು ಜಾಗ ಖಾಲಿ ಬಿಡಬೇಕು ಎಂದು ಯಾರೋ ಒಬ್ಬರು ಕುಳಿತು ತೀರ್ಮಾನ ಮಾಡಿರುತ್ತಾರೆ. ಈ ಕೆಲಸಕ್ಕೆ ಪುಟ ವಿನ್ಯಾಸ ಎನ್ನುತ್ತಾರೆ. ಒಂದು ವರ್ಷದಿಂದ ನನಗೆ ಇದರ ಹುಚ್ಚು ಹಿಡಿದಿದೆ. ಅದರಲ್ಲೂ ರಾಕ್ ಸಂಗೀತದ ಪತ್ರಿಕೆಗಳಲ್ಲಿ ಬರುವ ಎರಡು ಪುಟದ ನುಡಿಚಿತ್ರಗಳನ್ನು ಹೇಗೆ ಕಟ್ಟುತ್ತಾರೆ ಎಂಬುದು ನನ್ನ ಆಸಕ್ತಿ. "ಕಾಮರ್ಸ್ ಓದುವವರಿಗೆ ಇದೆಲ್ಲ ಯಾಕೆ?" ಎಂದು ಗೆಳೆಯರು ಕೇಳುತ್ತಾರೆ. ಅವರಿಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ.

ರಾಕ್ ಎಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್, ಜೊತೆಗೆ ಗಂಟಲು ಬಿಟ್ಟು ಹಾಡುವವರು. ನಾಲ್ಕೈದು ಜನ ಸೇರಿ ಒಂದು ಬ್ಯಾಂಡ್. 1950ರ ದಶಕದಲ್ಲಿ ಅಮೆರಿಕದಲ್ಲಿ, ಅಲ್ಲಿನ ಕಪ್ಪು ಜನರ ಬ್ಲೂಸ್ ಹಾಡುಗಳಿಂದ ಬೆಳೆದು ಬಂದ ಸಂಗೀತ ಇದು. ನಮ್ಮ ಜವಳಗೇರಾದಲ್ಲಿ ಮೆರವಣಿಗೆಗೆ ಡಿಜೆ ಸದ್ದು ಕೇಳುತ್ತದೆ, ಮೊಹರಂಗೆ ಹಲಗಿ ಸದ್ದು ಕೇಳುತ್ತದೆ, ರಾಕ್ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಓದುವ ನಮ್ಮ ಮಾಮೂ ಮಗ ಹಾಸ್ಟೆಲ್ ಖಾಲಿ ಮಾಡುವಾಗ ಹಳೇ ಸಂಗೀತ ಪತ್ರಿಕೆಗಳ ಒಂದು ಗಂಟು ತಂದು ನಮ್ಮ ಮನೆಯಲ್ಲಿ ಇಟ್ಟುಹೋದರು. ಹಾಡು ಕೇಳುವುದಕ್ಕಿಂತ ಮೊದಲು ನಾನು ಆ ಪುಟಗಳನ್ನು ನೋಡಿದೆ.

ಸಂಗೀತ ಕೇಳಬೇಕೋ ಬೇಡವೋ ಎಂಬ ಮಾತು ನಮ್ಮ ಮನೆಗಳಲ್ಲಿ ಇದೆ. ದೊಡ್ಡವರಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಆ ಚರ್ಚೆಗೆ ನಾನು ಇಲ್ಲಿ ಕೈ ಹಾಕುವುದಿಲ್ಲ, ಅಷ್ಟು ಇಲ್ಮ್ ನನಗಿಲ್ಲ. ನನ್ನ ವಿಷಯ ಕಾಗದ. ಕಾಗದ ಸದ್ದು ಮಾಡುವುದಿಲ್ಲ. ಸದ್ದೇ ಜೀವವಾಗಿರುವ ಸಂಗೀತವನ್ನು ಸದ್ದಿಲ್ಲದ ಕಾಗದದ ಮೇಲೆ ಹೇಗೆ ಹೇಳುವುದು? ಆ ಹಾಡನ್ನು ಒಮ್ಮೆಯೂ ಕೇಳದ ನನ್ನಂಥವರು ಪುಟ ತಿರುವುವಾಗ ನಿಂತು ಓದುವಂತೆ ಹೇಗೆ ಮಾಡುವುದು? ವಿನ್ಯಾಸ ಮಾಡುವವರ ಮುಂದೆ ಇರುವ ಪ್ರಶ್ನೆ ಇದೇ.

ಪತ್ರಿಕೆಯನ್ನು ಬಿಚ್ಚಿ ಹಿಡಿದಾಗ ಎಡಕ್ಕೊಂದು, ಬಲಕ್ಕೊಂದು ಪುಟ ಕಾಣುತ್ತದೆ. ಈ ಎರಡನ್ನೂ ಸೇರಿಸಿ ಒಂದೇ ಪುಟ ಎಂದು ತಿಳಿದು ಕಟ್ಟಿದರೆ ಅದು ಡಬಲ್ ಸ್ಪ್ರೆಡ್. ನೋಡಲು ಸುಲಭ, ಮಾಡಲು ಲೆಕ್ಕ ಬೇಕು. ನೀವೇ ಮಾಡಿ ನೋಡಬಹುದು. ನಾಲ್ಕು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಮಧ್ಯಕ್ಕೆ ಮಡಿಸಿ, ಬೆನ್ನಿಗೆ ಪಿನ್ ಹೊಡೆಯಿರಿ. 16 ಪುಟದ ಪುಸ್ತಕವಾಗುತ್ತದೆ. ಪುಟ ಸಂಖ್ಯೆ ಹಾಕಿ, ಪಿನ್ ತೆಗೆದು ಹಾಳೆಗಳನ್ನು ಬಿಡಿಸಿ ನೋಡಿ. 8 ಮತ್ತು 9 ಮಾತ್ರ ಒಂದೇ ಹಾಳೆಯ ಒಂದೇ ಮೈಮೇಲೆ ಅಕ್ಕಪಕ್ಕ ಇರುತ್ತವೆ. 6ನೇ ಪುಟದ ಜೊತೆಗಾರ 11, 7ನೆಯದರ ಜೊತೆಗಾರ 10. ಕೂಡಿದರೆ ಯಾವಾಗಲೂ 17 ಬರುತ್ತದೆ. ಅಂದರೆ 6 ಮತ್ತು 7ನೇ ಪುಟಗಳ ಮೇಲೆ ಒಂದೇ ದೊಡ್ಡ ಫೋಟೋ ಹಾಕಿದರೆ ಅದರ ಅರ್ಧ ಒಂದು ಹಾಳೆಯಲ್ಲಿ, ಇನ್ನರ್ಧ ಬೇರೆ ಹಾಳೆಯಲ್ಲಿ ಅಚ್ಚಾಗುತ್ತದೆ. ಮಡಿಸುವಾಗ ಒಂದು ಕೂದಲೆಳೆ ಆಚೀಚೆ ಆದರೂ ಗಿಟಾರಿನ ತಂತಿ ಮಧ್ಯದಲ್ಲಿ ಮುರಿದಂತೆ ಕಾಣುತ್ತದೆ. ಮಡಿಕೆಯ ಒಳಗೆ ಸ್ವಲ್ಪ ಭಾಗ ಮುಚ್ಚಿಹೋಗುವುದೂ ಉಂಟು. ಅದಕ್ಕೇ ಮಡಿಕೆಯ ಮೇಲೆ ಮುಖ ಇಡಬಾರದು, ಅಕ್ಷರ ಇಡಬಾರದು ಎನ್ನುವುದು ಈ ಕೆಲಸದ ಮೊದಲ ಪಾಠ. ಹಾಡುವವರ ಮೂಗಿನ ಮೇಲೆ ಮಡಿಕೆ ಬಂದರೆ ಅದು ಅವರಿಗೆ ಮಾಡಿದ ಅವಮಾನ.

ಎದುರುಬದುರು ಪುಟ ನಮಗೆ ಹೊಸದಲ್ಲ. ಅಬ್ಬಾ ಸಿಂಧನೂರಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಖಾತೆಯಲ್ಲಿ ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್ ಎಂದು ನಾವು ಮೊದಲ ವರ್ಷದಲ್ಲೇ ಕಲಿತಿದ್ದೇವೆ. ಎರಡೂ ಬದಿಯಲ್ಲಿ ಒಂದೇ ತರಹದ ನಮೂದು ಇರುವುದಿಲ್ಲ, ಆದರೆ ಕೊನೆಗೆ ತೂಕ ಸರಿಹೋಗಬೇಕು. ಪುಟ ವಿನ್ಯಾಸವೂ ಹಾಗೆಯೇ. ಎಡಪುಟದ ತುಂಬ ಒಂದು ಫೋಟೋ, ಬಲಪುಟದಲ್ಲಿ ಸಣ್ಣ ಅಕ್ಷರದ ಎರಡು ಕಾಲಂ. ಎರಡೂ ಬೇರೆ ಬೇರೆ, ಆದರೂ ಕಣ್ಣಿಗೆ ತೂಕ ಸರಿಯಾಗಿ ಕಾಣಬೇಕು. ಅದಬ್ ಮೀರದೆ ಇನ್ನೊಂದು ಮಾತು ಹೇಳುತ್ತೇನೆ. ನಮ್ಮ ಮನೆಗಳಲ್ಲಿರುವ ಕುರಾನ್ ಶರೀಫಿನ ಹೆಚ್ಚಿನ ಪ್ರತಿಗಳಲ್ಲಿ ಮೊದಲಿಗೆ ಬಲಕ್ಕೆ ಸೂರಃ ಫಾತಿಹಾ, ಎಡಕ್ಕೆ ಸೂರಃ ಬಕರದ ಆರಂಭ. ಎರಡರ ಸುತ್ತಲೂ ಒಂದೇ ಬಗೆಯ ಬಳ್ಳಿಯ ಚೌಕಟ್ಟು. ಎರಡು ಪುಟಗಳನ್ನು ಒಂದಾಗಿ ಕಾಣುವ ಕಣ್ಣು ನಮ್ಮ ಕಾತಿಬರಿಗೆ ನೂರಾರು ವರ್ಷಗಳ ಹಿಂದೆಯೇ ಇತ್ತು. ಚೆನ್ನೈಯಲ್ಲಿ 1927ರಲ್ಲಿ ಶುರುವಾದ 'ಮುಸಲ್ಮಾನ್' ಎಂಬ ಉರ್ದು ದಿನಪತ್ರಿಕೆಯನ್ನು ಕಂಪ್ಯೂಟರ್ ಬಂದ ಮೇಲೂ ಕಾತಿಬರು ಕೈಯಿಂದಲೇ ಬರೆಯುತ್ತಿದ್ದರು. ಪುಟ ಕಟ್ಟುವುದು ನಮ್ಮಲ್ಲಿ ಗೌರವದ ಕೆಲಸವಾಗಿತ್ತು ಎಂದು ನೆನಪಿಸಲು ಇದನ್ನು ಹೇಳಿದೆ.

ಉರ್ದು ಮನೆಯಲ್ಲಿ ಬೆಳೆದದ್ದರಿಂದ ನನಗೆ ಇನ್ನೊಂದು ಅನುಕೂಲವೂ ಆಯಿತು. ಮಡಿಸಿದ ಆ ನಾಲ್ಕು ಹಾಳೆಯ ಮಾದರಿಯನ್ನು ದಾದಿಗೆ ತೋರಿಸಿದೆ. ಅವರು ಅದನ್ನು ಹಿಂದಿನಿಂದ ಬಿಚ್ಚಿದರು. ಅವರ ಪಾಲಿಗೆ ಅದೇ ಮುಂದು. ಉರ್ದು ಓದುವವರ ಕಣ್ಣು ಮೊದಲು ಬಲಪುಟದ ಬಲ ಮೇಲ್ಮೂಲೆಗೆ ಹೋಗುತ್ತದೆ. ಕನ್ನಡ, ಇಂಗ್ಲಿಷ್ ಓದುವವರದು ಎಡಪುಟದ ಎಡ ಮೇಲ್ಮೂಲೆಗೆ. ಶೀರ್ಷಿಕೆಯ ಜಾಗ, ಫೋಟೋದಲ್ಲಿರುವ ಮನುಷ್ಯ ಯಾವ ಕಡೆ ಮುಖ ಮಾಡಿರಬೇಕು ಎಂಬುದು, ಎಲ್ಲವೂ ಇದರ ಮೇಲೆ ನಿಂತಿದೆ. ಫೋಟೋದಲ್ಲಿರುವವರು ಲೇಖನದ ಕಡೆ ನೋಡುತ್ತಿದ್ದರೆ ಓದುವವರೂ ಆ ಕಡೆ ನೋಡುತ್ತಾರೆ. ಪುಟದ ಹೊರಗೆ ನೋಡುತ್ತಿದ್ದರೆ ಓದುವವರೂ ಹೊರಗೆ ಹೋಗುತ್ತಾರೆ. ದಾದಿ ನನ್ನ ಮಾದರಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇತ್ತಾ ಜಾಗಾ ಖಾಲಿ ಕಾಯ್ಕು ಬೇಟಾ?" ಎಂದು ಕೇಳಿದರು. ಇಷ್ಟೊಂದು ಜಾಗ ಯಾಕೆ ಖಾಲಿ ಬಿಟ್ಟೆ ಎಂದು.

ಅದು ಕಾಮರ್ಸ್ ಪ್ರಶ್ನೆ. ಪತ್ರಿಕೆಯಲ್ಲಿ ಖಾಲಿ ಜಾಗಕ್ಕೂ ಬೆಲೆ ಇದೆ. ಕಾಗದ, ಮಸಿ, ಅಚ್ಚು, ಮಡಿಕೆ, ಅಂಚೆ, ಎಲ್ಲದಕ್ಕೂ ಪುಟದ ಲೆಕ್ಕದಲ್ಲಿ ಖರ್ಚು ಬರುತ್ತದೆ. ಹೆಚ್ಚಿನ ಪತ್ರಿಕೆಗಳಿಗೆ ಮುಖಬೆಲೆಯಿಂದ ಖರ್ಚು ಹುಟ್ಟುವುದಿಲ್ಲ, ಜಾಹೀರಾತಿನಿಂದ ಹುಟ್ಟಬೇಕು. ಹೀಗಿರುವಾಗ ಸಂಪಾದಕರು ಒಂದು ಬ್ಯಾಂಡಿಗೆ ಎರಡು ಪುಟ ಕೊಟ್ಟರೆ, ಎರಡು ಪುಟದ ಜಾಹೀರಾತನ್ನು ಬಿಟ್ಟುಕೊಟ್ಟಂತೆ. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದನ್ನು ಅವಕಾಶ ವೆಚ್ಚ ಎನ್ನುತ್ತಾರೆ. ಅದರಲ್ಲಿ ಮತ್ತೆ ಅರ್ಧ ಪುಟ ಖಾಲಿ ಬಿಟ್ಟರೆ? ಆ ಖಾಲಿ ಜಾಗ ಓದುವವರಿಗೆ ಒಂದು ಸಂದೇಶ ಕೊಡುತ್ತದೆ: ಈ ಮನುಷ್ಯರ ಮಾತಿಗಾಗಿ ನಾವು ಹಣ ಬಿಟ್ಟಿದ್ದೇವೆ, ನೀವು ಸ್ವಲ್ಪ ನಿಲ್ಲಿ. ಮದುವೆ ಮನೆಯಲ್ಲಿ ಹಿರಿಯರು ಬಂದಾಗ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತೇವಲ್ಲ, ಹಾಗೆ. ದಾದಿಗೆ ಇದೇ ಮಾತು ಹೇಳಿದೆ. "ಹಾಂಗಾದರೆ ಸರಿ" ಎಂದರು.

ಈಗ ನಮ್ಮ ದೇಶದ ಒಂದು ಪತ್ರಿಕೆಯ ಕಥೆ. 'ರೋಲಿಂಗ್ ಸ್ಟೋನ್' ಎಂಬ ಅಮೆರಿಕದ ಪತ್ರಿಕೆ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯಿತು. ಅದೇ ವರ್ಷ ಕಲ್ಕತ್ತೆಯಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕಾ ಸಂಸ್ಥೆಯಿಂದ 'ಜೂನಿಯರ್ ಸ್ಟೇಟ್ಸ್‌ಮನ್' ಎಂಬ ಯುವಜನರ ಪತ್ರಿಕೆ ಬಂತು. ಎಲ್ಲರೂ 'ಜೆಎಸ್' ಎನ್ನುತ್ತಿದ್ದರು. ಅದರ ಸಂಪಾದಕರು ಡೆಸ್ಮಂಡ್ ಡಾಯ್ಗ್, ಸ್ವತಃ ಚಿತ್ರ ಬರೆಯುತ್ತಿದ್ದವರು. ಪಾಪ್, ರಾಕ್ ಸಂಗೀತದ ಸುದ್ದಿ ಅದರಲ್ಲಿ ಬರುತ್ತಿತ್ತು. 1977ರಲ್ಲಿ ಅದು ನಿಂತುಹೋಯಿತು. ಆಮೇಲೆ ನಮ್ಮ ದೇಶದಲ್ಲಿ ರಾಕ್ ಸಂಗೀತಕ್ಕೆಂದೇ ಹೆಸರಾದ ಪತ್ರಿಕೆ ಬಂದದ್ದು 1993ರಲ್ಲಿ: 'ರಾಕ್ ಸ್ಟ್ರೀಟ್ ಜರ್ನಲ್'. ಅದು ಶುರುವಾದದ್ದು ಮುಂಬೈಯಲ್ಲಿ ಅಲ್ಲ, ಬೆಂಗಳೂರಿನಲ್ಲೂ ಅಲ್ಲ. ಅಲಹಾಬಾದಿನಲ್ಲಿ! ಅಕ್ಬರ್ ಅಲಹಾಬಾದಿ, ಫಿರಾಕ್ ಅವರ ಊರು ಎಂದು ನಮ್ಮ ಮನೆಗಳಲ್ಲಿ ಹೇಳುವ ಅಲಹಾಬಾದು. ಅಮಿತ್ ಸೈಗಲ್ ಎಂಬ ತರುಣ ಶೇನಾ ಗಾಮಟ್ ಅವರ ಜೊತೆ ಸೇರಿ ಅದನ್ನು ಆರಂಭಿಸಿದರು.

ಆ ಕಾಲವನ್ನು ಸ್ವಲ್ಪ ಊಹಿಸಿಕೊಳ್ಳಿ. ಮೊಬೈಲ್ ಇಲ್ಲ, ಯೂಟ್ಯೂಬ್ ಇಲ್ಲ. ಊರೂರಿನ ಕಾಲೇಜುಗಳಲ್ಲಿ ಹುಡುಗರು ಬ್ಯಾಂಡ್ ಕಟ್ಟಿಕೊಂಡು ಕಾಲೇಜು ಉತ್ಸವಗಳಲ್ಲಿ ನುಡಿಸುತ್ತಿದ್ದರು. ಶಿಲ್ಲಾಂಗಿನವರ ಹೆಸರು ಬೆಂಗಳೂರಿನವರಿಗೆ ಗೊತ್ತಿಲ್ಲ, ಬೆಂಗಳೂರಿನವರದು ದೆಹಲಿಯವರಿಗೆ ಗೊತ್ತಿಲ್ಲ. ದೊಡ್ಡ ಪತ್ರಿಕೆಗಳು ವಿದೇಶಿ ಬ್ಯಾಂಡಿಗೆ ಪುಟ ಕೊಡುತ್ತಿದ್ದವು. ನಮ್ಮವರಿಗೆ ಕೊಟ್ಟರೆ ಎರಡು ಸಾಲು. ಈ ಪತ್ರಿಕೆ ನಮ್ಮ ದೇಶದ ಬ್ಯಾಂಡುಗಳನ್ನು ಪುಟಗಳ ಮೇಲೆ ಕೂರಿಸಿತು. ಮುಂದೆ 'ಗ್ರೇಟ್ ಇಂಡಿಯನ್ ರಾಕ್' ಎಂಬ ಉತ್ಸವವನ್ನೂ ಅವರೇ ನಡೆಸಿದರು. 2012ರ ಜನವರಿಯಲ್ಲಿ ಅಮಿತ್ ಸೈಗಲ್ ಗೋವಾದಲ್ಲಿ ತೀರಿಕೊಂಡರು. 'ರೋಲಿಂಗ್ ಸ್ಟೋನ್' ಪತ್ರಿಕೆಯ ಭಾರತೀಯ ಆವೃತ್ತಿ ಬಂದದ್ದು 2008ರಲ್ಲಿ. ಅಂದರೆ ಅಲಹಾಬಾದಿನವರು ಅದಕ್ಕಿಂತ 15 ವರ್ಷ ಮೊದಲೇ ಕೆಲಸ ಶುರು ಮಾಡಿದ್ದರು.

ಈ ಕಥೆ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಯಾರಿಗಾದರೂ ಎರಡು ಪುಟ ಕೊಡುವುದು ಎಂದರೆ "ನೀವು ಇದ್ದೀರಿ" ಎಂದು ಲೋಕದ ಮುಂದೆ ಹೇಳುವುದು. ಈಗಾಗಲೇ ಎಲ್ಲರಿಗೂ ಗೊತ್ತಿರುವವರಿಗೆ ಕೊಟ್ಟರೆ ಅದು ಮಾರಾಟ. ಯಾರಿಗೂ ಗೊತ್ತಿಲ್ಲದವರಿಗೆ ಕೊಟ್ಟರೆ ಪತ್ರಿಕೆ ತನ್ನ ಕೆಲಸ ಮಾಡಿತು ಎಂದರ್ಥ.

ಆದರೆ ಪುಟ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ವಿನ್ಯಾಸ ಮಾಡುವವರೇ ಆ ಪುಟವನ್ನು ನುಂಗಿಬಿಡುವ ಅಪಾಯವೂ ಇದೆ. ಇದಕ್ಕೆ ಹೆಸರಾದ ಉದಾಹರಣೆ ಅಮೆರಿಕದ 'ರೇ ಗನ್' ಎಂಬ ಸಂಗೀತ ಪತ್ರಿಕೆ. 1992ರಲ್ಲಿ ಶುರುವಾದ ಈ ಪತ್ರಿಕೆಯ ವಿನ್ಯಾಸ ಮಾಡುತ್ತಿದ್ದವರು ಡೇವಿಡ್ ಕಾರ್ಸನ್. ಅವರು ಮೊದಲು ಸಮಾಜಶಾಸ್ತ್ರ ಕಲಿಸುವ ಮೇಷ್ಟ್ರಾಗಿದ್ದವರು, ಸಮುದ್ರದ ಅಲೆಯ ಮೇಲೆ ಹಲಗೆ ಓಡಿಸುವ ಆಟದಲ್ಲಿ ಹೆಸರು ಮಾಡಿದವರು. ಅವರ ಪುಟಗಳಲ್ಲಿ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು, ಕಾಲಂಗಳು ಓರೆಯಾಗುತ್ತಿದ್ದವು. ಗಿಟಾರಿನ ಸದ್ದು ಕಾಗದದ ಮೇಲೆ ಒಡೆದು ಬಿದ್ದಂತೆ ಕಾಣುತ್ತಿತ್ತು. 1994ರಲ್ಲಿ ಬ್ರಯನ್ ಫೆರ್ರಿ ಎಂಬ ಗಾಯಕರ ಸಂದರ್ಶನ ಅವರ ಮೇಜಿಗೆ ಬಂತು. ಓದಿದರೆ ಸಪ್ಪೆ ಎನ್ನಿಸಿತಂತೆ. ಅವರು ಇಡೀ ಸಂದರ್ಶನವನ್ನು 'ಝಾಫ್ ಡಿಂಗ್‌ಬ್ಯಾಟ್ಸ್' ಎಂಬ ಫಾಂಟಿನಲ್ಲಿ ಹಾಕಿಬಿಟ್ಟರು. ಆ ಫಾಂಟಿನಲ್ಲಿ ಅಕ್ಷರಗಳೇ ಇಲ್ಲ; ನಕ್ಷತ್ರ, ಕತ್ತರಿ, ಹೂವು, ಬಾಣ ಇಂಥ ಗುರುತುಗಳು ಮಾತ್ರ. ಒಂದು ಪದವೂ ಓದಲಾಗದು. ಓದಲು ಬರುವ ಪ್ರತಿಯನ್ನು ಅದೇ ಸಂಚಿಕೆಯ ಹಿಂಭಾಗದಲ್ಲಿ ಹಾಕಿದ್ದರು.

ವಿನ್ಯಾಸ ಕಲಿಯುವವರು ಇದನ್ನು ಇಂದಿಗೂ ಮೆಚ್ಚಿ ಹೇಳುತ್ತಾರೆ. ನನಗೂ ಮೊದಲು ನಗು ಬಂತು, ಧೈರ್ಯ ಮೆಚ್ಚಿದೆ. ಆದರೆ ಬ್ರಯನ್ ಫೆರ್ರಿ ಅಷ್ಟೊತ್ತಿಗಾಗಲೇ ಹೆಸರು ಮಾಡಿದ್ದವರು. ಅವರಿಗೆ ಎರಡು ಪುಟ ಹೋದರೆ ಏನೂ ಹೋಗಲಿಲ್ಲ. ಅದೇ ಜಾಗದಲ್ಲಿ ಮೊದಲ ಸಲ ಪತ್ರಿಕೆಯಲ್ಲಿ ಬರುತ್ತಿರುವ ಒಬ್ಬ ಹುಡುಗನ ಮಾತು ಇದ್ದಿದ್ದರೆ? ಅವನ ತಾಯಿ ಪತ್ರಿಕೆ ಕೊಂಡು ತಂದು ಬಿಚ್ಚಿದಾಗ ಕತ್ತರಿ, ಬಾಣ ಕಂಡಿದ್ದರೆ? ವಿನ್ಯಾಸಕ್ಕೆ ಸ್ವಾತಂತ್ರ್ಯ ಬೇಕು, ನಿಜ. ಆದರೆ ಮಾತಾಡಿದವರ ಮಾತು ಓದುವವರಿಗೆ ಮುಟ್ಟಬೇಕು ಎಂಬ ಗೆರೆಯನ್ನು ದಾಟಬಾರದು. ಇದು ನನ್ನ ಅಭಿಪ್ರಾಯ. ಒಪ್ಪದವರು ಕ್ಯಾಂಟೀನ್‌ನಲ್ಲಿ ಸಿಗಲಿ, ಜಗಳವಾಡೋಣ.

ಇಂಗ್ಲಿಷ್ ಪತ್ರಿಕೆ ನೋಡಿ ಕಲಿತದ್ದನ್ನು ಕನ್ನಡಕ್ಕೆ ತರಲು ಹೋದರೆ ಹೆಜ್ಜೆಹೆಜ್ಜೆಗೂ ತಡೆ ಬರುತ್ತದೆ. ರಾಕ್ ಪತ್ರಿಕೆಗಳು ಕೂಗಬೇಕಾದಾಗ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್ ಅಕ್ಷರ ಬಳಸುತ್ತವೆ. ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ. ಉರ್ದುವಿನಲ್ಲೂ ಇಲ್ಲ. ನಾವು ಕೂಗಬೇಕಾದರೆ ಅಕ್ಷರದ ಗಾತ್ರದಿಂದ, ದಪ್ಪದಿಂದ, ಬಣ್ಣದಿಂದ, ಇಲ್ಲವೇ ಸುತ್ತಲಿನ ಖಾಲಿ ಜಾಗದಿಂದ ಕೂಗಬೇಕು. ಇಂಗ್ಲಿಷಿನಲ್ಲಿ ಶೀರ್ಷಿಕೆಯ ಎರಡು ಸಾಲುಗಳನ್ನು ಒಂದಕ್ಕೊಂದು ಅಂಟಿಸಿದಂತೆ ಇಡಬಹುದು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಇಳಿದು ಬಂದು ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗುತ್ತದೆ. ಆದ್ದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಓರೆಯಾಗಿ ಇಳಿಯುವ ಉರ್ದು ನಸ್ತಾಲೀಕ್‌ಗೆ ಇನ್ನೂ ಹೆಚ್ಚು ಬೇಕು. ಇಂಗ್ಲಿಷ್ ಅಕ್ಷರಗಳನ್ನು ದೂರ ದೂರ ಹರಡಬಹುದು. ಉರ್ದು ಅಕ್ಷರಗಳು ಕೈ ಕೈ ಹಿಡಿದಿರುತ್ತವೆ, ಬಿಡಿಸಲಾಗದು. ಇನ್ನು ಕನ್ನಡದ ಪದಗಳು ಉದ್ದ. ಸಣ್ಣ ಕಾಲಂನಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಹಲ್ಲು ಬಿದ್ದ ಬಾಯಿಯಂತೆ ಸಂದು ಬೀಳುತ್ತದೆ. ಕಾಲಂ ಅಗಲ ಮಾಡಬೇಕು, ಇಲ್ಲವೇ ಬಲ ಅಂಚನ್ನು ಹಾಗೆಯೇ ಏರುಪೇರಾಗಿ ಬಿಡಬೇಕು.

ಇದನ್ನು ಕೊರತೆ ಎಂದು ನಾನು ತಿಳಿಯುವುದಿಲ್ಲ. ನಮ್ಮ ಲಿಪಿ ಗುಂಡಗೆ, ತುಂಬಿಕೊಂಡು ಇದೆ. ಒಂದೇ ಒಂದು ಅಕ್ಷರವನ್ನು ಅರ್ಧ ಪುಟದಷ್ಟು ದೊಡ್ಡದಾಗಿ ಹಾಕಿದರೂ ಅದು ಚಿತ್ರದಂತೆ ನಿಲ್ಲುತ್ತದೆ. ಮೊದಲು ಕನ್ನಡಕ್ಕೆ ನುಡಿ, ಬರಹ ತಂತ್ರಾಂಶಗಳ ಫಾಂಟುಗಳೇ ಆಧಾರವಾಗಿದ್ದವು. ಈಗ ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನಡಕ, ನೋಟೋ ಸಾನ್ಸ್ ಕನ್ನಡ ಮೊದಲಾದ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಅನೇಕ್ ಕನ್ನಡದಲ್ಲಿ ಒಂದೇ ಅಕ್ಷರ ತೆಳುವಿನಿಂದ ಬಹಳ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಸಿಗುತ್ತದೆ. ಶೀರ್ಷಿಕೆ ಕಟ್ಟುವವರಿಗೆ ಇದು ದೊಡ್ಡ ಸಹಾಯ.

ಕನ್ನಡದಲ್ಲಿ ರಾಕ್ ಪತ್ರಿಕೆ ಇದ್ದಿದ್ದರೆ ಅದರಲ್ಲಿ ಮೊದಲ ಎರಡು ಪುಟ ಯಾರಿಗೆ ಕೊಡಬಹುದಿತ್ತು? ಇದನ್ನು ಯೋಚಿಸಿ ನಾನೇ ಒಂದು ಮಾದರಿ ಮಾಡಿದೆ. ಆಯ್ಕೆ ಮಾಡಿದ್ದು ಸಂತ ಶಿಶುನಾಳ ಶರೀಫರನ್ನು. ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸ್ಲಿಂ ಮನೆಯಲ್ಲಿ ಹುಟ್ಟಿದವರು, ಕಳಸದ ಗೋವಿಂದ ಭಟ್ಟರನ್ನು ಗುರು ಎಂದವರು, ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ರಾಕ್‌ಗೂ ಅವರಿಗೂ ಏನು ಸಂಬಂಧ ಎನ್ನುತ್ತೀರಾ? ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಬ್ಯಾಂಡ್ 2008ರಲ್ಲಿ ತನ್ನ ಮೊದಲ ಆಲ್ಬಂ ತಂದಾಗ, ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆ ಶರೀಫರ ಎರಡು ತತ್ವಪದಗಳಿದ್ದವು. ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಮನೆಮನೆಗೆ ಬಂದಿದ್ದ ಶರೀಫರು ಗಿಟಾರು, ಡ್ರಮ್ಸ್ ಜೊತೆ ಹೊಸ ಕಾಲದ ಹುಡುಗರ ಬಳಿಗೂ ಬಂದರು.

ಕೆಲಸ ಹೀಗೆ ನಡೆಯಿತು. ಎ4 ಅಳತೆಯ ಎರಡು ಪುಟ ಅಕ್ಕಪಕ್ಕ ಇಟ್ಟರೆ 420 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಎತ್ತರ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ನಮ್ಮ ಹಳೇ ಮನೆಯ ಗೋಡೆಯ ಮೇಲೆ ಮಳೆಗಾಲದ ನೀರಿಳಿದ ಕಂದು ಗೆರೆ ಇದೆ. ಅದರ ಫೋಟೋ ತೆಗೆದೆ. ಆ ಗೆರೆ ಎಡಪುಟದ ಮೇಲ್ಮೂಲೆಯಿಂದ ಇಳಿದು, ಮಡಿಕೆ ದಾಟಿ, ಬಲಪುಟದ ಕೆಳಗೆ ಬಂದು ನಿಲ್ಲುವಂತೆ ಇಟ್ಟೆ. ಗೆರೆ ಮಡಿಕೆ ದಾಟಿದರೆ ತೊಂದರೆಯಿಲ್ಲ, ನೀರಿನ ಗೆರೆ ಸ್ವಲ್ಪ ಮುರಿದರೂ ನೀರಿನ ಗೆರೆಯೇ. ಓದುವವರ ಕಣ್ಣು ಆ ಗೆರೆ ಹಿಡಿದು ಇಳಿದರೆ ಲೇಖನದ ಮೊದಲ ಸಾಲಿಗೆ ಬರುತ್ತದೆ. ಶೀರ್ಷಿಕೆ ಎಡಪುಟದಲ್ಲಿ. ಅದರ ಕೆಳಗೆ ಶರೀಫರು ಯಾರು, ರಘು ದೀಕ್ಷಿತ್ ಯಾರು ಎಂದು ತಿಳಿಸುವ ಎರಡು ಸಾಲು. ಯಾಕೆಂದರೆ ಪುಟ ತಿರುವುವವರು ಮೊದಲು ಓದುವುದು ಶೀರ್ಷಿಕೆ, ಆಮೇಲೆ ಫೋಟೋದ ಕೆಳಗಿನ ಸಾಲು. ಅಷ್ಟರಲ್ಲಿ ಹಿಡಿಸದಿದ್ದರೆ ಅವರು ಮುಂದಿನ ಪುಟಕ್ಕೆ ಹೋಗಿರುತ್ತಾರೆ.

ಇದರಲ್ಲಿ ಕಲಿತ ಎರಡು ಸಂಗತಿ ನಿಮಗೂ ಉಪಯೋಗಕ್ಕೆ ಬರಬಹುದು. ಒಂದು, ಅಚ್ಚಿಗೆ ಹೋಗುವ ಫೋಟೋಗೆ ಒಂದು ಇಂಚಿನಲ್ಲಿ 300 ಚುಕ್ಕೆ ಇರಬೇಕು. ಅಂದರೆ ಎ4 ಪುಟ ತುಂಬಲು ಸುಮಾರು 2480 ಅಡ್ಡ, 3508 ಉದ್ದ ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಎರಡು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ರಾಕ್ ಪತ್ರಿಕೆಗಳಿಗೆ ಬಹಳ ಇಷ್ಟ. ಮೊಬೈಲ್ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅಗ್ಗದ ಕಾಗದದಲ್ಲಿ ಮಸಿ ಹರಡಿ ಸಣ್ಣ ಒತ್ತಕ್ಷರಗಳು ಮುಚ್ಚಿಹೋಗುತ್ತವೆ. ಅಲ್ಲಿ ದಪ್ಪ, ದೊಡ್ಡ ಅಕ್ಷರ ಮಾತ್ರ ಬದುಕುತ್ತದೆ.

ಅಬ್ಬಾ ಇದನ್ನೆಲ್ಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಹೊಟ್ಟೆ ತುಂಬುತ್ತದಾ?" ಸುಳ್ಳು ಹೇಳಲು ಆಗಲಿಲ್ಲ. ಅಚ್ಚಿನ ಸಂಗೀತ ಪತ್ರಿಕೆಗಳ ಕಾಲ ಇಳಿಮುಖವಾಗಿದೆ, ಓದುವವರು ಮೊಬೈಲಿಗೆ ಹೋಗಿದ್ದಾರೆ ಎಂದೆ. ಆದರೆ ಅಕ್ಕಿ ಚೀಲದ ಮೇಲೂ ಯಾರಾದರೂ ಅಕ್ಷರ ಕೂರಿಸಬೇಕು, ಪಠ್ಯಪುಸ್ತಕಕ್ಕೂ ಕೂರಿಸಬೇಕು, ಮೊಬೈಲ್ ಪರದೆಗೂ ಕೂರಿಸಬೇಕು ಎಂದೂ ಹೇಳಿದೆ. ಸಿಂಧನೂರು ಅಕ್ಕಿ ಗಿರಣಿಗಳ ಊರು, ಚೀಲದ ಮಾತು ಅವರಿಗೆ ಸ್ವಲ್ಪ ಹಿಡಿಸಿತು. "ಬಿ.ಕಾಂ. ಮುಗಿಸು, ಜೊತೆಗೆ ಇದೂ ಇರಲಿ" ಎಂದರು. ನಾನು ಇದಕ್ಕಿಂತ ಹೆಚ್ಚು ಕೇಳಲಿಲ್ಲ.

ಜವಳಗೇರಾದಿಂದ ಸಿಂಧನೂರಿಗೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಫ್ಲೆಕ್ಸ್ ಬ್ಯಾನರುಗಳು ಕಾಣುತ್ತವೆ. ಈಗ ನನ್ನ ಕಣ್ಣು ಅವುಗಳ ವಿನ್ಯಾಸ ನೋಡುತ್ತದೆ. ಮೇಲೆ ದೊಡ್ಡ ನಾಯಕರ ದೊಡ್ಡ ಮುಖ, ಕೆಳಗೆ ಸಣ್ಣ ನಾಯಕರ ಸಣ್ಣ ಮುಖ, ಇನ್ನೂ ಕೆಳಗೆ ಶುಭ ಕೋರುವವರ ಅಂಗುಷ್ಠದಷ್ಟು ಮುಖಗಳ ಸಾಲು. ಅಲ್ಲಿ ಖಾಲಿ ಜಾಗ ಎಂಬುದೇ ಇಲ್ಲ. ಯಾರು ಹಣ ಕೊಟ್ಟರೋ ಅವರು ಇರುತ್ತಾರೆ, ಯಾರಿಗೆ ಅಧಿಕಾರ ಇದೆಯೋ ಅವರು ದೊಡ್ಡದಾಗಿ ಇರುತ್ತಾರೆ. ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ಮುಖ ಯಾವ ಫ್ಲೆಕ್ಸ್ ಮೇಲೂ ನಾನು ನೋಡಿಲ್ಲ. ಪತ್ರಿಕೆಯ ಎರಡು ಪುಟಕ್ಕೆ ಆ ಸ್ವಾತಂತ್ರ್ಯ ಇದೆ. ಅದು ಫ್ಲೆಕ್ಸ್‌ನಂತೆ ಆಗಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಈ ವಾರ್ತಾಪತ್ರದ ಬಗ್ಗೆ, ಸಂಪಾದಕ ಮಂಡಳಿಯ ಗುರುಗಳ ಕ್ಷಮೆ ಕೇಳಿ, ಒಂದು ವಿನಂತಿ. ನಮ್ಮದು 8 ಪುಟ, ಅಂದರೆ ಎರಡು ಹಾಳೆ. 4 ಮತ್ತು 5ನೇ ಪುಟ ಮಧ್ಯದಲ್ಲಿ ಒಂದೇ ಹಾಳೆಯ ಮೇಲೆ ಬರುತ್ತವೆ. ಇಡೀ ಪತ್ರದಲ್ಲಿ ಫೋಟೋ ಮುರಿಯದೆ ನಿಲ್ಲುವ ಜಾಗ ಅದೊಂದೇ. ಅಲ್ಲಿ ನಾವು ಪ್ರತಿ ಸಲ ಹೆಚ್ಚು ಅಂಕ ತೆಗೆದವರ ಪಾಸ್‌ಪೋರ್ಟ್ ಫೋಟೋಗಳನ್ನು ಸಾಲಾಗಿ ಹಾಕುತ್ತೇವೆ. ಅದು ಬೇಡ ಎಂದು ನಾನು ಹೇಳುವುದಿಲ್ಲ. ಆ ಸಾಲಿನಲ್ಲಿ ಎಲ್ಲರ ಫೋಟೋ ಒಂದೇ ಅಳತೆ, ಅದರಲ್ಲೂ ಒಂದು ನ್ಯಾಯ ಇದೆ. ಆ ಪುಟವನ್ನು ಕತ್ತರಿಸಿ ಅಲ್ಮಾರಿಗೆ ಅಂಟಿಸಿದ ಅಮ್ಮಿಯರನ್ನು ನಾನು ನೋಡಿದ್ದೇನೆ. ಆದರೆ ಪಾಸ್‌ಪೋರ್ಟ್ ಫೋಟೋಗಳು 2ನೇ ಪುಟದಲ್ಲೂ ಅಷ್ಟೇ ಚೆನ್ನಾಗಿ ಕಾಣುತ್ತವೆ, 7ನೇ ಪುಟದಲ್ಲೂ ಕಾಣುತ್ತವೆ. ಅವಕ್ಕೆ ಮಧ್ಯದ ಪುಟದ ಅಗತ್ಯವಿಲ್ಲ.

ಮಧ್ಯದ ಎರಡು ಪುಟಗಳನ್ನು ಪ್ರತಿ ಸಂಚಿಕೆಯಲ್ಲಿ ಒಬ್ಬರಿಗೆ ಮಾತ್ರ ಕೊಡೋಣ. ಬೇರೆ ಯಾವ ಪತ್ರಿಕೆಯೂ ಎರಡು ಸಾಲು ಕೊಡದವರಿಗೆ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮೊಹರಂನಲ್ಲಿ ಕನ್ನಡದಲ್ಲಿ ರಿವಾಯತ್ ಪದ ಹಾಡುವವರಿದ್ದಾರೆ, ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಹಲಗಿ ಬಾರಿಸುವವರಿದ್ದಾರೆ. ಡಿಜೆ ಬಂದ ಮೇಲೆ ಅವರನ್ನು ಕರೆಯುವವರು ಕಡಿಮೆಯಾಗಿದ್ದಾರೆ. ಸಂಗೀತವೇ ಆಗಬೇಕೆಂದಿಲ್ಲ, ನಾಟಿ ಮಾಡುವ ಒಬ್ಬ ತಾಯಿಯೂ ಆಗಬಹುದು, ನಮ್ಮ ಕಾಲೇಜಿನ ಗಂಟೆ ಹೊಡೆಯುವ ಚಾಚಾ ಕೂಡ ಆಗಬಹುದು. ಒಂದು ದೊಡ್ಡ ಫೋಟೋ, ಅವರದೇ ಮಾತು, ಸುತ್ತ ಸ್ವಲ್ಪ ಖಾಲಿ ಜಾಗ. ಬರೆಯುವವರು ಮುಂದೆ ಬಂದರೆ ಪುಟ ಕಟ್ಟುವ ಕೆಲಸ ನಾನು ಮಾಡಿಕೊಡುತ್ತೇನೆ. ಮುಖದ ಮೇಲೆ ಮಡಿಕೆ ಬರುವುದಿಲ್ಲ ಎಂದು ಈಗಲೇ ಮಾತು ಕೊಡುತ್ತೇನೆ.

8ರಲ್ಲಿ 2 ಕಳೆದರೆ 6 ಉಳಿಯುತ್ತದೆ. ಪ್ರಾಂಶುಪಾಲರ ಸಂದೇಶಕ್ಕೆ, ಕಾರ್ಯಕ್ರಮಗಳ ವರದಿಗೆ, ಅಂಕ ತೆಗೆದ ನಮ್ಮ ಗೆಳೆಯರಿಗೆ 6 ಪುಟ ಸಾಕು ಎಂದು ನನ್ನ ಲೆಕ್ಕ. ಸಾಲದಿದ್ದರೆ ಅಕೌಂಟೆನ್ಸಿ ಸರ್ ಲೆಕ್ಕ ಹಾಕಿ ಹೇಳಲಿ.